ಸೊಂಟಕ್ಕೆ ಸುತ್ತಿದ ತೊಟ್ಟಿಲ ಸರಪಳಿ

ಮೂವತ್ತೊಂದು ವರ್ಷ ನಾನು ಬಸ್ಸಿನ ಕಂಡಕ್ಟರ್ ಆಗಿದ್ದೆ. ಹಾನಗಲ್ಲಿನಿಂದ ತಿಳವಳ್ಳಿ, ಹಾನಗಲ್ಲಿನಿಂದ ಹಿರೇಕೆರೂರು, ನಡುವೆ ಕೆಲವು ವರ್ಷ ಸವಣೂರು ಮತ್ತು ಶಿಗ್ಗಾಂವಿ. ಅಷ್ಟು ವರ್ಷ ನಾನು ಜಗಳ ಆಡಿದ್ದು ಹೆಚ್ಚಾಗಿ ಒಂದೇ ವಿಷಯಕ್ಕೆ, ಲಗೇಜಿಗೆ. ನಮ್ಮ ಕಡೆಯ ಹೆಣ್ಣುಮಕ್ಕಳದು ಒಂದು ಕಾಯಿದೆ ಇದೆ, ಯಾವ ಪುಸ್ತಕದಲ್ಲೂ ಬರೆದಿಲ್ಲ. ತೊಡೆಯ ಮೇಲಿರುವುದು ಲಗೇಜಲ್ಲ. ಹದಿನೈದು ಕೆ.ಜಿ. ಅಕ್ಕಿಯ ಚೀಲವನ್ನು ಉಡಿಯಲ್ಲಿಟ್ಟುಕೊಂಡು ಮೇಲೆ ಸೆರಗು ಹೊದಿಸಿ ಕೂತರೆ ಮುಗಿಯಿತು. ಕೇಳಿದರೆ ನನಗೇ ದಬಾಯಿಸುವರು.

“ಉಡ್ಯಾಗಿಂದು ಲಗೇಜ್ ಹೆಂಗಾಕ್ಕೈತ್ರಿ ಕಂಡಕ್ಟರ್? ಕೂಸು ಇದ್ರ ಅದನ್ನೂ ತೂಗ್ತಿದ್ರೇನು?”

ನಾನೂ ಬಿಡುವ ಪೈಕಿ ಅಲ್ಲ. ಚೀಲವನ್ನು ಒಂದು ಕೈಯಲ್ಲಿ ಎತ್ತಿ ತೂಕ ಹೇಳಿಬಿಡುತ್ತಿದ್ದೆ. ಅಕ್ಕಿಆಲೂರಿನ ಸಂತೆಯ ದಿನ ಜನ ಬೇಕೆಂದೇ ನನ್ನ ಕೈಗೆ ಚೀಲ ಕೊಟ್ಟು, ಆಮೇಲೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡುತ್ತಿದ್ದರು. ಪಾವು ಕೆ.ಜಿ. ಆಚೀಚೆ ಆದರೆ ಹೆಚ್ಚು. ಇದನ್ನು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವೇನೂ ಇಲ್ಲ.

ಸಿಟ್ಟಿಗೂ ಕಾರಣವಿತ್ತು. ಒಂದು ಸಂತೆಯ ದಿನ ಯಾರೋ ಪುಣ್ಯಾತ್ಮರು ನನ್ನ ಕಣ್ಣು ತಪ್ಪಿಸಿ ಹಿಂದಿನ ಸೀಟಿನ ಕೆಳಗೆ ಗೋವಿನಜೋಳದ ಎಂಟು ಚೀಲ ತುರುಕಿದ್ದರು. ತಿಳವಳ್ಳಿಯ ಹಾದಿಯಲ್ಲಿ ಕೆರೆಯ ಏರಿಯ ಮೇಲೆ ತಿರುವು ಬಂದಾಗ ಬಸ್ಸಿನ ಹಿಂಭಾಗ ಎಳೆದುಕೊಂಡು ಹೋಗಿ, ಗಾಡಿ ಭತ್ತದ ಗದ್ದೆಗೆ ಇಳಿದು ವಾಲಿ ನಿಂತಿತು. ಯಾರಿಗೂ ಒಂದು ಗೀರು ಬೀಳಲಿಲ್ಲ. ಒಬ್ಬ ಮುದುಕಿಯ ಬುಟ್ಟಿಯ ಕೋಳಿಗಳು ಹಾರಿಹೋಗಿ, ಅರ್ಧ ತಾಸು ನಾವೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ಕೋಳಿ ಹಿಡಿದೆವು, ನಕ್ಕಿದ್ದೇ ನಕ್ಕಿದ್ದು. ಡ್ರೈವರ್ ಮಾತ್ರ ಏರಿಯ ಮೇಲೆ ಕೂತು ನಡುಗುತ್ತಿದ್ದ. “ಕೆರಿ ಕಡೆ ಹೊಳ್ಳಿದ್ರ ಹೆಂಗೋ ಮಾರಾಯ?” ಅಂದ. ಅವತ್ತಿನಿಂದ ಮುಚ್ಚಿಟ್ಟ ಭಾರ ಅಂದರೆ ನನಗೆ ಮೈ ಉರಿಯುತ್ತದೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಮುಂದಿನದನ್ನು ಮಾಡಿದವನು ಇದೇ ನಾನು.

ನಮಗೆ ಒಬ್ಬಳೇ ಮಗಳು, ನರ್ಸು. ಮಾಲ್ಡೀವ್ಸಿನ ಒಂದು ಸಣ್ಣ ನಡುಗಡ್ಡೆಯ ದವಾಖಾನೆಯಲ್ಲಿ ಅವಳ ಕೆಲಸ, ಅಳಿಯ ಅಲ್ಲೇ ಒಂದು ಹೋಟೆಲಿನಲ್ಲಿ ಅಡುಗೆಯವನು. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರಬೇಕು, ಅದು ನಮ್ಮ ಪದ್ಧತಿ. ಆದರೆ ಏಳನೆಯ ತಿಂಗಳಲ್ಲಿ ಬಿ.ಪಿ. ಏರಿ, ಡಾಕ್ಟರು ವಿಮಾನ ಹತ್ತಕೂಡದು ಅಂದರು. ಫೋನಿನಲ್ಲಿ ಎಂದೂ ಅಳದ ಹುಡುಗಿ ಅವತ್ತು ಅತ್ತಳು. “ಅವ್ವಾ, ನೀವು ಇಬ್ರೂ ಬರ್ರಿ. ನನಗ ಹೆದರಿಕಿ ಆಗಾಕತ್ತೈತಿ” ಅಂದಳು. ಒಂಬತ್ತು ತುಂಬುತ್ತ ಬಂದಾಗ ತವರೇ ಮಗಳ ಕಡೆ ಹೋಗಬೇಕಾಯಿತು.

ಅಲ್ಲಿಗೆ ಹೋಗಲು ದೊಡ್ಡ ವಿಮಾನ ಇಳಿದ ಮೇಲೆ ಇನ್ನೊಂದು ಹತ್ತಬೇಕು, ಹದಿನೈದು ಜನರ ಸಣ್ಣ ವಿಮಾನ. ಗಾಲಿಯ ಬದಲು ಎರಡು ದೋಣಿ ಕಟ್ಟಿಕೊಂಡು ಸಮುದ್ರದಿಂದಲೇ ಏರಿ ಸಮುದ್ರಕ್ಕೇ ಇಳಿಯುತ್ತದೆ. ಹಿಂದಿನ ವರ್ಷ ಅಂಥದ್ದೇ ಒಂದು ಮಗಳ ನಡುಗಡ್ಡೆಯ ಹತ್ತಿರ ಇಳಿಯುವಾಗ ಮಗುಚಿ ಬಿದ್ದಿತ್ತು. ಎಲ್ಲರೂ ಉಳಿದರು. ಅವರ ಗಾಯಗಳಿಗೆ ಪಟ್ಟಿ ಕಟ್ಟಿದವರಲ್ಲಿ ನನ್ನ ಮಗಳೂ ಒಬ್ಬಳು. ಹಾಗಾಗಿ ನಾವು ಹೊರಡುವ ಮುಂಚೆ ಫೋನಿನಲ್ಲಿ ನನಗೆ ಪಾಠ ಹೇಳಿದಳು.

“ಅಪ್ಪಾ, ಎರಡ ಮಾತು ನೆನಪಿಡು. ತೇಲಾಕ ಒಂದು ಜಾಕೆಟ್ ಕೊಡ್ತಾರ, ನೀರಿಗೆ ಬಿದ್ರ ಅದನ್ನ ವಿಮಾನದ ಒಳಗ ಕುಂತು ಊದಬ್ಯಾಡ. ಹೋದ ವರ್ಷ ಹಂಗ ಊದಿದವ್ರು ತೇಲಿ ಮ್ಯಾಲಿನ ತಗಡಿಗೆ ಅಂಟಿಕೊಂಡು ಬಾಗಲಾ ಸಿಗದ ಒದ್ದ್ಯಾಡಿದ್ರು. ಹೊರಗ ಬಂದು ಊದು. ಇನ್ನೊಂದು, ತೂಕ ಕೇಳ್ತಾರ, ಖರೇ ಹೇಳು.”

“ನನಗ ಹೇಳ್ತಿಯೇನಬೇ? ಮೂವತ್ತೊಂದು ವರ್ಷ ಮಂದಿ ಚೀಲ ಎತ್ತಿದಾಂವ ನಾ!” ಅಂದೆ.

ನಮ್ಮ ಲಗೇಜು ಅಂದರೆ ಅರ್ಧ ಅಡುಗೆಮನೆ. ಬಾಣಂತಿಗೆ ಅಂಟಿನುಂಡಿ, ಖಾರೀಕು, ಒಣಕೊಬ್ಬರಿ, ಅಳವಿ, ತುಪ್ಪ, ಕೂಸಿಗೆ ಗುಟ್ಟಿ ಔಷಧಿ ತೇಯುವ ಸಾಣೆಕಲ್ಲು. ನನ್ನದು ಒಂದೇ ಒಂದು ಸಾಮಾನು: ತೊಟ್ಟಿಲ ಸರಪಳಿ. ಅಕ್ಕಿಆಲೂರಿನ ಕಮ್ಮಾರನಿಂದ ನನ್ನ ಅಜ್ಜ ಬಡಿಸಿದ್ದ ನಾಲ್ಕು ಕಬ್ಬಿಣದ ಎಳೆಗಳು. ನಾನು ಅದರಲ್ಲಿ ತೂಗಿಸಿಕೊಂಡವನು, ಮಗಳೂ ಅಷ್ಟೇ. ಹೆಂಡತಿ ಬೇಡವೆಂದಿದ್ದಳು. “ಅಲ್ಲೇನು ತೊಟ್ಟಲಾ ಕಟ್ಟಾಕ ಹಗ್ಗಾ ಸಿಗಂಗಿಲ್ಲೇನ್ರಿ?” ಅಂದಳು. ನಾನು ಕೇಳಲಿಲ್ಲ.

ಸಣ್ಣ ವಿಮಾನ ಹತ್ತುವ ನೀರಿನ ಅಂಚಿನ ಕಟ್ಟೆಯಲ್ಲಿ ಲಗೇಜು ತೂಗಿದರು. ಆರು ಕೆ.ಜಿ. ಹೆಚ್ಚು. ಹೆಚ್ಚಿನದನ್ನು ತೆಗೆದಿಟ್ಟರೆ ನಾಳೆ ಬರುತ್ತದೆ ಅಂದರು. ನಾಳೆ ಬರುತ್ತದೆ ಎಂಬ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿಲ್ಲ! ಆ ಲಗೇಜುಗಳ ಗತಿ ನನಗೆ ಗೊತ್ತು. ಸಾಮಾನು ತೆಗೆದು ಬರುತ್ತೇನೆಂದು ಹೇಳಿ ಸಂಡಾಸಿಗೆ ಹೋದೆ. ಸೊಂಟಕ್ಕೆ ಟವೆಲು ಸುತ್ತಿ, ಅದರ ಮೇಲೆ ಸರಪಳಿ ಸುತ್ತಿ, ಮೇಲೆ ಜುಬ್ಬಾ ಇಳಿಬಿಟ್ಟೆ. ಲಗೇಜು ಸರಿಹೋಯಿತು.

ಮನುಷ್ಯರ ತೂಕವನ್ನು ಅಲ್ಲಿ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನ ಹೆಂಡತಿ, ಹುಟ್ಟಿದಾಗಿನಿಂದ ಯಾರಿಗೂ ತನ್ನ ತೂಕ ಹೇಳದವಳು, ಅಷ್ಟು ಮಂದಿಯ ಮುಂದೆ ಗಟ್ಟಿಯಾಗಿ “ಎಂಬತ್ತೊಂದು!” ಅಂದಳು. ಮಗಳು ಹೇಳಿದ್ದಳಲ್ಲ, ಅದಕ್ಕೆ. ಕಂಡಕ್ಟರ್ ಸಾಹೇಬನಾದ ನಾನು, ಸರಪಳಿಯನ್ನು ಬಿಟ್ಟು, “ಅರವತ್ತೆಂಟು” ಅಂದೆ.

ಕಟ್ಟೆಯ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದ ಒಬ್ಬ ದೊಡ್ಡ ಮೀಸೆಯವನು ತಲೆ ಎಣಿಸುವುದು, ಬಾಗಿಲು ಹಾಕುವುದು ಎಲ್ಲ ಮಾಡುತ್ತಿದ್ದ. ಆ ವಿಮಾನದ ಕಂಡಕ್ಟರ್ ಅನ್ನಿ. ಪೈಲಟ್ಟೂ ಬರಿಗಾಲಲ್ಲೇ ಇದ್ದ. ಮೀಸೆಯವನು ಒಬ್ಬೊಬ್ಬರ ಸೊಂಟಕ್ಕೂ ಜಾಕೆಟ್ ಮಡಚಿಟ್ಟ ಸಣ್ಣ ಚೀಲ ಕಟ್ಟುತ್ತ ಬಂದ. ನನಗೆ ಕಟ್ಟುವಾಗ ಕೈಗೆ ಗಟ್ಟಿ ಹತ್ತಿತು. ತಲೆ ಎತ್ತಿ, “ಕಮರ್ ಕಾ ಪಟ್ಟಾ?” ಎಂದು ಮರುಕದಿಂದ ಕೇಳಿದ. ಸೊಂಟನೋವಿಗೆ ಕಟ್ಟುವ ಬೆಲ್ಟು ಅಂದುಕೊಂಡಿದ್ದ. ಆ ಹಿಂದಿ ನನಗೆ ಚೆನ್ನಾಗಿ ತಿಳಿಯಿತು, ಸವಣೂರಿನ ಉರ್ದು ನನಗೆ ಬರುತ್ತದೆ. ಆದರೂ ಹೌದೆಂದು ಗೋಣು ಹಾಕಿದೆ.

ಒಳಗೆ ಸೀಟಿಗೆ ನಂಬರ್ ಇರಲಿಲ್ಲ. ನಂಬರ್ ಇಲ್ಲ ಅಂದ ಕೂಡಲೇ ನನ್ನ ಕೈ ತಾನಾಗಿ ಹೆಗಲ ಮೇಲಿನ ಇನ್ನೊಂದು ಟವೆಲನ್ನು ಪೈಲಟ್ಟಿನ ಹಿಂದಿನ ಸೀಟಿಗೆ ಎಸೆಯಿತು. ಮೀಸೆಯವನು ಅದನ್ನು ಎತ್ತಿ ನನ್ನ ಹೆಗಲಿಗೇ ಹಾಕಿ, ಕಾಗದ ನೋಡಿ, ನನ್ನನ್ನು ಕೊನೆಯ ಸಾಲಿಗೆ ಕಳಿಸಿದ. ಭಾರ ನೋಡಿ ಕೂರಿಸುತ್ತಿದ್ದಾನೆ ಎಂದು ಆಗ ಹೊಳೆಯಿತು. ಹಗುರಾದವರು ಹಿಂದೆ. ನಾನು ಅರವತ್ತೆಂಟರವನು, ಹಿಂದೆ.

ಹಿಂದಿನ ಸೀಟು. ಮುಚ್ಚಿಟ್ಟ ಭಾರ. ನನಗೆ ಕೆರೆಯ ಏರಿ ನೆನಪಾಯಿತು ನೋಡಿ. ಹೊರಗೆ ಹೊತ್ತು ಇಳಿಯುತ್ತಿತ್ತು. ಕತ್ತಲಾದರೆ ಈ ವಿಮಾನಗಳು ಹಾರುವುದಿಲ್ಲ, ಅವತ್ತಿಗೆ ಇದೇ ಕೊನೆಯದು. ಬಾಯಿ ಬಿಟ್ಟರೆ ತಡವಾಗಿ ವಿಮಾನವೇ ತಪ್ಪಬಹುದು. ಮಗಳಿಗೆ ಬೆಳಗಿನಿಂದ ನೋವು ಸಣ್ಣಗೆ ಕಾಣಿಸಿದೆಯೆಂದು ಅಳಿಯ ಫೋನ್ ಮಾಡಿದ್ದ. ಬಾಯಿ ಬಿಡದಿದ್ದರೆ ಒಳಗಿದ್ದ ಅಷ್ಟೂ ಜನರ ಜೀವಕ್ಕೆ, ನನ್ನ ಹೆಂಡತಿಯ ಜೀವಕ್ಕೆ ಅಪಾಯ. ಮೀಸೆಯವನು ಬಾಗಿಲು ಎಳೆದುಕೊಂಡ.

“ಹೋಲ್ಡಾನ್!”

ಬಸ್ಸು ನಿಲ್ಲಿಸಿ ನಿಲ್ಲಿಸಿ ಪಳಗಿದ ನನ್ನ ಮೂವತ್ತೊಂದು ವರ್ಷದ ಗಂಟಲು ಅದು. ಪೈಲಟ್ ಹೌಹಾರಿ ತಿರುಗಿದ. ಮುಂದಿನ ಸೀಟಿನ ಬಿಳಿಯ ಹೆಣ್ಣುಮಗಳೊಬ್ಬಳ ಕೈಯಿಂದ ನೀರಿನ ಬಾಟಲಿ ಬಿತ್ತು.

ಕಟ್ಟೆಗೆ ಇಳಿದು, ಸವಣೂರಿನ ಉರ್ದುವಿನಲ್ಲಿ ತಪ್ಪು ಒಪ್ಪಿಕೊಂಡು, ಜುಬ್ಬಾ ಎತ್ತಿ ಸರಪಳಿ ಬಿಚ್ಚತೊಡಗಿದೆ. ಬಿಚ್ಚಿದಷ್ಟೂ ಬರುತ್ತಿತ್ತು. ಗಿರಗಿರ ತಿರುಗಿ ತಿರುಗಿ ಬಿಚ್ಚಿದೆ. ಕಿಟಕಿಯಿಂದ ಜನ ಮೊಬೈಲಿನಲ್ಲಿ ಫೋಟೋ ತೆಗೆದರು. ಹೆಂಡತಿ ಹಣೆ ಬಡಿದುಕೊಂಡು, “ಅಯ್ಯ ಶಿವನ! ಶಾಸ್ತ್ರ ಹೇಳಾಕ, ಬದನಿಕಾಯಿ ತಿನ್ನಾಕ!” ಅಂದಳು.

“ಕಿತ್ನಾ ಕಿಲೋ?” ಎಂದ ಮೀಸೆಯವನು.

“ಆರು ಕಿಲೋ, ಮೇಲೆ ಮುನ್ನೂರು ಗ್ರಾಂ” ಅಂದೆ. ತಕ್ಕಡಿಗೆ ಇಟ್ಟರು. ಆರು ಮುನ್ನೂರು. ಅಷ್ಟು ನಾಚಿಕೆಯಲ್ಲೂ ನನಗೆ ಒಂಚೂರು ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಪೈಲಟ್ ಇಳಿದು ಬಂದ. ಬೈಯಲಿಲ್ಲ. ಅವನ ಇಂಗ್ಲಿಷನ್ನು ಮೀಸೆಯವನು ಹಿಂದಿಯಲ್ಲಿ ನನಗೆ ತಿಳಿಸಿದ. ಆರು ಕೆ.ಜಿ. ದೊಡ್ಡದೇನಲ್ಲವಂತೆ, ಹೇಳಿದ್ದರೆ ಬರೆದುಕೊಂಡು ಸರಿಯಾದ ಜಾಗದಲ್ಲಿ ಇಡುತ್ತಿದ್ದರಂತೆ. ಆಮೇಲೆ ನನ್ನ ಸೊಂಟದ ಜಾಕೆಟ್ಟಿನ ಚೀಲ ಮುಟ್ಟಿ ಕೇಳಿದನಂತೆ: ವಿಮಾನ ನೀರಿಗೆ ಬಿದ್ದರೆ ಇದು ನಿಮ್ಮನ್ನು ಮೇಲಕ್ಕೆ ಎತ್ತಬೇಕು, ಸೊಂಟಕ್ಕೆ ಕಬ್ಬಿಣ ಕಟ್ಟಿಕೊಂಡವನನ್ನು ಹೇಗೆ ಎತ್ತುತ್ತದೆ?

ನಾನು ವಿಮಾನದ ಭಾರ ಯೋಚಿಸಿದ್ದೆ, ನನ್ನದನ್ನು ಯೋಚಿಸಿರಲಿಲ್ಲ. ವಿಮಾನ ಬಿದ್ದರೆ, ಅತ್ತ ಮಗಳು ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಕಾಯುತ್ತಿರುತ್ತಾಳೆ, ಎಲ್ಲರೂ ತೇಲಿ ಮೇಲೆ ಬರುತ್ತಾರೆ, ನಾನೊಬ್ಬ ಬರುವುದಿಲ್ಲ. ಹೆಂಡತಿ ಏನು ಹೇಳಿದರೆಂದು ಕೇಳಿದಳು, ಹೇಳಿದೆ. ಅವಳ ಕಣ್ಣು ತುಂಬಿದವು.

“ಮಗಳ ಬಾಣಂತನಕ್ಕ ಬಂದೀರೋ, ನನ್ನ ಕುಂಕುಮ ಅಳಸಾಕ ಬಂದೀರೋ?” ಎಂದವಳು ನನ್ನ ಮಣಿಕಟ್ಟು ಹಿಡಿದಳು. ಇಳಿಯುವ ತನಕ ಬಿಡಲಿಲ್ಲ.

ಪೈಲಟ್ ಸರಪಳಿಯನ್ನು ಕಾಗದದಲ್ಲಿ ಬರೆದುಕೊಂಡು, ಸಾಮಾನಿನ ಜಾಗದಲ್ಲಿ ಕಟ್ಟಿ ಇರಿಸಿದ. ಬೆಳಕು ಇರುವಾಗಲೇ ಮುಟ್ಟಿದೆವು. ಬೆಳಗಿನ ನೋವು ಇಳಿದು, ಮಗಳು ಕಟ್ಟೆಯ ಮೇಲೆ ನಿಂತಿದ್ದಳು. ಅವ್ವನನ್ನು ಅಪ್ಪಿಕೊಂಡು, ನನ್ನ ಕಡೆ ತಿರುಗಿ, “ಅಪ್ಪಾ, ತೂಕ ಖರೇ ಹೇಳಿದ್ಯಲ್ಲ?” ಎಂದಳು.

“ಎರಡನೇ ಸಲಕ್ಕ ಹೇಳಿದ್ರು” ಅಂದಳು ಹೆಂಡತಿ.

ಮೂರನೆಯ ದಿನ ಮೊಮ್ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ತೊಟ್ಟಿಲು ಅದೇ ಸರಪಳಿಗೆ ತೂಗಿತು.

ಮೂರು ತಿಂಗಳಾದ ಮೇಲೆ ಮಗಳು ರಜೆ ಹಾಕಿ ಕೂಸಿನೊಂದಿಗೆ ನಮ್ಮ ಜೊತೆ ಊರಿಗೆ ಹೊರಟಳು. ಅದೇ ವಿಮಾನ, ಅದೇ ಮೀಸೆಯವನು. ನನ್ನನ್ನು ನೋಡಿ ದೂರದಿಂದಲೇ “ಹೋಲ್ಡಾನ್!” ಎಂದು ಕೂಗಿದ. ಹೆಂಡತಿ ಎಲ್ಲರೆದುರು ನನ್ನ ಸೊಂಟ ತಡವಿ ತಪಾಸಣೆ ಮುಗಿಸಿದಳು. ಸರಪಳಿ ತಕ್ಕಡಿಯ ಮೇಲೆ ಎಲ್ಲಕ್ಕಿಂತ ಮುಂಚೆ ಕೂತಿತು.

ಒಬ್ಬೊಬ್ಬರ ತೂಕ ಬರೆದುಕೊಂಡ ಮೀಸೆಯವನು ಕಡೆಗೆ ಪೆನ್ನಿನಿಂದ ಕೂಸಿನ ಕಡೆ ತೋರಿಸಿದ. ಹೆಂಡತಿ ಮೊಮ್ಮಗಳ ಮೇಲೆ ಸೆರಗು ಎಳೆದುಕೊಂಡಳು.

“ಉಡ್ಯಾಗಿನ ಕೂಸ್ರಿ ಇದು! ಇದನ್ನೂ ತೂಗ್ತಾರೇನು?”

ನಾನು ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.

“ಪಾಂಚ್ ಕಿಲೋ, ಛೇ ಸೌ” ಅಂದೆ, ಐದು ಕಿಲೋ ಆರುನೂರು ಗ್ರಾಂ. “ಲಿಖೋ ಭಾಯಿ, ಬಿಡಬ್ಯಾಡ, ಬರಕೋ.”

ಅವನು ಬರೆದುಕೊಂಡ.