ಚೈನಾ ಗ್ರಾಸ್ ಮೇಡಂ

ಕಳೆದ ಶನಿವಾರ ಇಲ್ಲಿ ಆಸ್ಟಿನ್‌ನಲ್ಲಿ ಹಲ್ಲಿನ ಡಾಕ್ಟರು ನನ್ನ ದವಡೆಗೆ ಲವಂಗದೆಣ್ಣೆಯ ಹತ್ತಿ ಒತ್ತಿದರು. ನೋವು ಇಳಿಯಿತು, ಸಿಟ್ಟು ಏರಿತು. ಬಾಯಿ ಅಗಲಿಸಿಕೊಂಡು ಮಲಗಿದ್ದರಿಂದ ಯಾರ ಮೇಲೂ ರೇಗುವ ಹಾಗಿರಲಿಲ್ಲ. ಆ ವಾಸನೆ ನನ್ನ ಪಾಲಿಗೆ ಹಲ್ಲುನೋವಿನದ್ದಲ್ಲ. ಅದು ಹೂಸ್ಟನ್‌ನ ಒಂದು ಲ್ಯಾಬಿನದ್ದು, ಆ ಲ್ಯಾಬಿನಲ್ಲಿದ್ದ ಮೇಡಂ ಅವರದ್ದು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ತೀರಿಕೊಂಡವರ ಬಗ್ಗೆ ಹೀಗೆಲ್ಲ ಬರೆಯಬಾರದು ಅನ್ನುತ್ತಾರೆ. ಆದರೆ ಸುಳ್ಳು ಬರೆಯುವುದು ಇನ್ನೂ ಕಷ್ಟ.

ಎಂಟು ವರ್ಷಗಳ ಹಿಂದೆ ನಾನು ಹೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನಲ್ಲಿದ್ದೆ. ಅಲ್ಟ್ರಾಸೌಂಡ್ ಸಂಶೋಧನೆಯ ಆ ಲ್ಯಾಬಿಗೆ ದಿನಾ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಡಲ್ಲಾಸ್‌ನ ಒಂದು ಕಂಪನಿ ನಮಗೆ ಹೊಸ ಮಷಿನ್ ಕೊಟ್ಟಿತ್ತು. ಆಸ್ಪತ್ರೆಯ ಮಷಿನ್‌ಗಳು ಸಿದ್ಧವಾದ ಚಿತ್ರವನ್ನು ಮಾತ್ರ ತೋರಿಸುತ್ತವೆ. ಇದು ಹಾಗಲ್ಲ. ಮೈಯೊಳಗಿಂದ ಮರಳಿ ಬರುವ ಪ್ರತಿಧ್ವನಿಯನ್ನೇ ಇದ್ದ ಹಾಗೆ ನಮ್ಮ ಕೈಗೆ ಕೊಡುತ್ತಿತ್ತು. ಅದರಿಂದ ಚಿತ್ರ ಕಟ್ಟುವ ಸಾಫ್ಟ್‌ವೇರ್ ನನ್ನದು. ಅಲ್ಟ್ರಾಸೌಂಡ್ ಚಿತ್ರ ನೋಡಿದವರಿಗೆ ಗೊತ್ತು, ರವೆ ಚೆಲ್ಲಿದ ಹಾಗೆ ಮೈತುಂಬ ಕಾಳುಕಾಳು ಇರುತ್ತದೆ. ನನ್ನ ಸಾಫ್ಟ್‌ವೇರ್ ಆ ಕಾಳನ್ನೆಲ್ಲ ಗುಡಿಸಿ ಹಾಕುತ್ತಿತ್ತು. ಚಿತ್ರ ಎಷ್ಟು ನುಣುಪಾಗಿ ಬರುತ್ತಿತ್ತೆಂದರೆ, ಬಂದವರೆಲ್ಲ ಪರದೆಯ ಮುಂದೆ ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದರು. ಮೇಡಂ ಒಬ್ಬರನ್ನು ಬಿಟ್ಟು.

ಅವರು ಧಾರವಾಡದ ಕಡೆಯವರು. ಅರವತ್ತು ದಾಟಿತ್ತು. ಸಲ್ವಾರಿನ ಮೇಲೆ ಬೂದು ಬಣ್ಣದ ಸ್ವೆಟರ್, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ. ಮೊದಲ ದಿನ ‘ಆಂಟಿ’ ಅಂದೆ. “ಲ್ಯಾಬಿನ್ಯಾಗ ಆಂಟಿ ಅನಬ್ಯಾಡ,” ಅಂದರು. ಸರಿ, ಮೇಡಂ ಅಂದೆ. ಅವರು ಮಾತ್ರ ನನ್ನನ್ನು ಎಲ್ಲರೆದುರು ‘ತಮ್ಮಾ’ ಎಂದೇ ಕರೆಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಅವರ ಕೆಲಸ ಫ್ಯಾಂಟಮ್ ಮಾಡುವುದು. ಮಷಿನ್ ಪರೀಕ್ಷೆಗೆ ಮನುಷ್ಯನ ಮಾಂಸದ ಬದಲು ಇಡುವ ಮೆತ್ತನೆಯ ಮುದ್ದೆಗೆ ಹಾಗನ್ನುತ್ತಾರೆ. ಕೊಂಡು ತಂದದ್ದೂ ಇತ್ತು. ಆದರೆ ಅದರೊಳಗೆ ಏನು ಎಲ್ಲಿದೆ ಎಂಬುದು ಎಲ್ಲರಿಗೂ ಬಾಯಿಪಾಠ. ಹಾಗಾಗಿ ಮುಖ್ಯ ಪರೀಕ್ಷೆಗೆಲ್ಲ ಮೇಡಂ ಹೊಸದು ಮಾಡುತ್ತಿದ್ದರು. ಇಂಡಿಯನ್ ಅಂಗಡಿಯಲ್ಲಿ ಜೆಲ್ಲಿ ಮಾಡಲೆಂದು ಸಿಗುವ ಚೈನಾ ಗ್ರಾಸ್ ಕುದಿಸಿ, ಇಸಬ್‌ಗೋಲ್ ಕಲಸಿ, ಬೂಸ್ಟು ಹಿಡಿಯದಿರಲು ನಾಲ್ಕು ಹನಿ ಲವಂಗದೆಣ್ಣೆ ಬಿಟ್ಟು, ಖಾಲಿ ಮೊಸರಿನ ಡಬ್ಬಿಗೆ ಸುರಿಯುವುದು. ಅದು ಹೆಪ್ಪುಗಟ್ಟುವ ಮೊದಲು ಕಡಲೆಕಾಳಿನಷ್ಟು ಗಂಟುಗಳನ್ನು ಒಳಗೆ ಅಡಗಿಸುವುದು. ಗಂಟು ಅಂದರೆ ಗಡ್ಡೆ. ಮಷಿನ್ ಅದನ್ನು ಹುಡುಕಬೇಕು. ಕೋಟಿಗಟ್ಟಲೆ ಬೆಲೆಯ ಯಂತ್ರದ ಪಕ್ಕದಲ್ಲಿ ಇಂಡಕ್ಷನ್ ಒಲೆ, ಸೌಟು! ನಾನು ಬೆನ್ನ ಹಿಂದೆ ಅವರನ್ನು ‘ಚೈನಾ ಗ್ರಾಸ್ ಮೇಡಂ’ ಅನ್ನುತ್ತಿದ್ದೆ.

ಎಷ್ಟು ಗಂಟಿದೆ, ಎಲ್ಲಿದೆ ಎಂಬುದನ್ನು ಅವರು ಟೇಪಿನ ಮೇಲೆ ಕನ್ನಡದಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸುತ್ತಿದ್ದರು. “ಇದು ನನ್ನ ಕೀಲಿ. ಇಲ್ಲೆ ಯಾರಿಗೂ ಓದಲಿಕ್ಕೆ ಬರೂದಿಲ್ಲ. ಈಗ ನೀ ಒಬ್ಬಾವ ಬಂದಿ,” ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಾನು ಸೂಟು ಹಾಕಿದವರಿಗೆ ಡೆಮೊ ಕೊಡುವವನು.

“ಮೇಡಂ, ದಯವಿಟ್ಟು ಕನ್ನಡದಲ್ಲಿ ಬರೀಬೇಡಿ. ಬಂದವರು ಏನಂದ್ಕೋತಾರೆ? ಉಪ್ಪಿನಕಾಯಿ ಡಬ್ಬಿ ಥರ ಕಾಣುತ್ತೆ,” ಅಂದೆ.

“ಆತು ಬಿಡು,” ಅಂದರು. ಮರುದಿನದಿಂದ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ತಾರೀಕು ಮಾತ್ರ. ಗೆದ್ದೆ ಅಂದುಕೊಂಡೆ.

ನನ್ನ ನುಣುಪು ಚಿತ್ರ ಅವರಿಗೆ ಹಿಡಿಸುತ್ತಿರಲಿಲ್ಲ. ಗುಂಡಿಗಳೆಲ್ಲ ಸವೆದುಹೋದ ಹಳೇ ಮಷಿನ್‌ನ ಮುಂದೆ ಕೂತು ಆ ರವೆಯನ್ನೇ ದಿಟ್ಟಿಸುತ್ತಿದ್ದರು. “ತಮ್ಮಾ, ಚಿತ್ರ ಛಂದ ಬಂತು ಅಂದ್ರ ಕೆಲಸ ಮುಗೀಲಿಲ್ಲ. ಒಳಗ ಇದ್ದದ್ದೆಲ್ಲಾ ಬಂದದೇನು ನೋಡು,” ಎಂದು ಅದೆಷ್ಟು ಸಲ ಹೇಳಿದರೋ... ಹೊಟ್ಟೆಕಿಚ್ಚು ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಡಲ್ಲಾಸ್‌ನವರು ಒಂದು ಶುಕ್ರವಾರ ಬರುವುದೆಂದಾಯಿತು. ಒಪ್ಪಿಗೆಯಾದರೆ ಸಾಫ್ಟ್‌ವೇರನ್ನೂ ತೆಗೆದುಕೊಳ್ಳುತ್ತಾರೆ, ಜೊತೆಗೆ ನನ್ನನ್ನೂ. ನಾನೂ ನನ್ನ ಹೆಂಡತಿಯೂ ಆಗಲೇ ಡಲ್ಲಾಸ್ ಪಕ್ಕದ ಅಲೆನ್‌ಗೆ ಹೋಗಿ ಮನೆ ನೋಡಿ ಬಂದಿದ್ದೆವು. ನಾಲ್ಕು ವರ್ಷದ ಮಗಳು ಮಹಡಿಯ ಕೋಣೆಯೊಂದನ್ನು ತನ್ನದೆಂದು ಆರಿಸಿಕೊಂಡಿದ್ದಳು. ಬುಧವಾರ ಮೇಡಂ ಹೊಸ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. ಏನೋ ಹೇಳಲು ನಿಂತರು. ನಾನು ತಲೆ ಎತ್ತಲಿಲ್ಲ. ಅವರು ಹೊರಟುಹೋದರು. ಆಮೇಲೆ ಮೈಗೆ ಒತ್ತಿ ನೋಡುವ ಪ್ರೋಬನ್ನು ಡಬ್ಬಿಯೊಳಗಿನ ಮುದ್ದೆಯ ಮೇಲಿಟ್ಟು ನೋಡಿದೆ. ಕನ್ನಡಿಯಂಥ ಚಿತ್ರ, ಒಳಗೆ ಎರಡು ಗಂಟು. ನಿಶ್ಚಿಂತೆಯಾಗಿ ಮನೆಗೆ ಹೋದೆ.

ಶುಕ್ರವಾರ ಡಲ್ಲಾಸ್‌ನಿಂದ ಬಂದವರ ಮುಂದೆ ನಿಂತು ಎರಡು ಗಂಟು ಎಂದು ಬೆರಳಿಟ್ಟು ತೋರಿಸಿದೆ. ತಲೆದೂಗಿದರು. ಅವರಲ್ಲೊಬ್ಬರು ಹಿಂದೆ ಗೋಡೆಗೆ ಆತು ನಿಂತಿದ್ದ ಮೇಡಂ ಕಡೆ ತಿರುಗಿ, ನೀವು ಎಷ್ಟು ಹಾಕಿದ್ದಿರಿ ಎಂದು ಸುಮ್ಮನೆ ಕೇಳಿದರು. ಮೇಡಂ ನನ್ನನ್ನು ನೋಡಿದರು. ಆ ನೋಟದಲ್ಲಿ ಆಶ್ಚರ್ಯವಿತ್ತು. ನನಗೆ ಅದು ನಾಟಕದ ಹಾಗೆ ಕಂಡಿತು.

“ಥ್ರೀ,” ಅಂದರು.

ಮುಂದೆ ಬಂದು ಹಳೇ ಮಷಿನ್ ಆನ್ ಮಾಡಿ, ಅದೇ ಡಬ್ಬಿಗೆ ಅದರ ಪ್ರೋಬ್ ಇಟ್ಟರು. ಆ ರವೆಯ ನಡುವೆ, ಆಳದಲ್ಲಿ, ಮೂರನೆಯದು ಮಸುಕಾಗಿ ಕೂತಿತ್ತು. ನನ್ನ ಸಾಫ್ಟ್‌ವೇರ್ ಅದನ್ನೂ ಕಸವೆಂದು ಗುಡಿಸಿ ಹಾಕಿತ್ತು. ಬಂದವರು ನಗಲಿಲ್ಲ, ಬೈಯಲಿಲ್ಲ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಹೋದರು. ಆ ಗಂಟು ಯಾರದಾದರೂ ಮೈಯಲ್ಲಿ ಇದ್ದಿದ್ದರೆ ಎಂಬ ಯೋಚನೆ ನನಗೆ ಅವತ್ತು ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿದೆ. “ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಮಾಡಿದ್ರಿ, ಅಲ್ವಾ?”

“ತಮ್ಮಾ, ಆ ಡಬ್ಬಿ...” ಅಂದರು. ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಸೋಮವಾರ ನನ್ನ ಮೇಜಿನ ಹತ್ತಿರ ಬಂದು ಮತ್ತೆ “ಆ ಡಬ್ಬಿ...” ಅಂದರು. ಹೆಡ್‌ಫೋನ್ ಹಾಕಿಕೊಂಡೆ. ಮೂರನೇ ಸಲ ಅವರು ಬರಲಿಲ್ಲ. ಅವರಿಗೂ ಬಿಗುಮಾನ ಇತ್ತು. ತಿಂಗಳೊಳಗೆ ಲ್ಯಾಬ್ ಬಿಟ್ಟೆ. ಹೊರಡುವ ದಿನ ಆ ಡಬ್ಬಿಯ ಚೈನಾ ಗ್ರಾಸನ್ನು ಚಮಚದಿಂದ ಕೆರೆದು ಕಸಕ್ಕೆ ಹಾಕಿ, ಡಬ್ಬಿಯನ್ನು ಪೆನ್ನು ಪಿನ್ನುಗಳ ಜೊತೆ ರಟ್ಟಿನ ಪೆಟ್ಟಿಗೆಗೆ ಎಸೆದುಕೊಂಡು ಬಂದೆ. ಅಲೆನ್‌ನ ಮನೆಗೆ ಯಾರೋ ಬೇರೆಯವರು ಹೋದರು. ನಾವು ಆಸ್ಟಿನ್‌ಗೆ ಶಿಫ್ಟ್ ಆದೆವು. ಇಲ್ಲಿ ನಾನು ಕಾರು ನಿಲ್ಲಿಸಲು ಜಾಗ ಹುಡುಕಿಕೊಡುವ ಆ್ಯಪ್ ಮಾಡುತ್ತೇನೆ. ಯಾರ ಮೈಯೊಳಗೂ ಇಣುಕುವ ಕೆಲಸವಿಲ್ಲ.

ಎರಡು ವರ್ಷದ ಹಿಂದೆ ಹೂಸ್ಟನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮೇಡಂ ಹೋದ ಸುದ್ದಿ ಬಂತು. ಫೋಟೊದಲ್ಲೂ ಅದೇ ಬೂದು ಸ್ವೆಟರ್. ಎಲ್ಲರೂ ‘ಓಂ ಶಾಂತಿ’ ಎಂದು ಹಾಕಿದ್ದರು, ನಾನೂ ಹಾಕಿದೆ. ಮೂರು ಗಂಟೆ ಡ್ರೈವ್ ಮಾಡಿದ್ದರೆ ಕೊನೆಯ ಸಲ ಮುಖ ನೋಡಿ ಬರಬಹುದಿತ್ತು. ಹೋಗಲಿಲ್ಲ...

ಶನಿವಾರ ಹಲ್ಲಿನ ಡಾಕ್ಟರ ಹತ್ತಿರದಿಂದ ಬಂದವನು ನೇರ ನಮ್ಮ ಮನೆಯ ಗ್ಯಾರೇಜಿಗೆ ಹೋದೆ. ಆ ಡಬ್ಬಿಯಲ್ಲಿ ಈಗ ಸ್ಕ್ರೂಗಳಿದ್ದವು. ಅದನ್ನು ಎಸೆದುಬಿಟ್ಟರೆ ಪೀಡೆ ತೊಲಗುತ್ತದೆ ಎಂದುಕೊಂಡು ಸ್ಕ್ರೂಗಳನ್ನು ನೆಲಕ್ಕೆ ಸುರಿದು, ಡಬ್ಬಿಯ ತಳ ತಟ್ಟಿದೆ. ಬೆರಳಿಗೆ ಟೇಪು ತಾಗಿತು. ತಿರುಗಿಸಿದೆ. ಹಳದಿಯಾದ ಟೇಪಿನ ಮೇಲೆ ಅವರ ಗುಂಡು ಅಕ್ಷರ.

‘ತಮ್ಮಾ, ಗಂಟು ಮೂರು ಅವ. ಮೂರನೇದು ಆಳದಾಗ ಅದ. ಹಳೇ ಮಷಿನ್ನಿಗೆ ಕಾಣ್ತದ, ನಿಂದು ಅಳಿಸಿಬಿಡ್ತದ. ಶುಕ್ರವಾರದೊಳಗ ಸರಿ ಮಾಡ್ಕೋ. ಯಾರಿಗೂ ಹೇಳಿಲ್ಲ.’

ಮುಚ್ಚಳದ ಮೇಲೇ ಬರೆಯಬಾರದಿತ್ತೇ ಎಂದು ಮೊದಲು ಅವರ ಮೇಲೆಯೇ ರೇಗಿದೆ. ಅಲ್ಲಿ ಕನ್ನಡದಲ್ಲಿ ಬರೆಯಬೇಡಿ ಅಂದವನು ನಾನೇ. ಫೋನ್ ಮಾಡಿ ಜಗಳವಾಡೋಣವೆಂದರೆ, ಕ್ಷಮಿಸಿ ಅನ್ನೋಣವೆಂದರೆ, ಆ ಕಡೆ ಎತ್ತುವವರಿಲ್ಲ. ಡಬ್ಬಿ ಹಿಡಿದುಕೊಂಡು ಗ್ಯಾರೇಜಿನ ನೆಲದ ಮೇಲೆ ಕೂತೆ.

ಮಗಳು ಬಂದು ಭುಜದ ಮೇಲಿಂದ ಬಗ್ಗಿ ನೋಡಿದಳು. ಅವಳಿಗೆ ಈಗ ಹನ್ನೆರಡು. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

“ವಾಟ್ ಡಸ್ ಇಟ್ ಸೇ, ಅಪ್ಪಾ?”

“ಮೂರಿದೆ ಅಂತ,” ಅಂದೆ. “ಎರಡಲ್ಲ, ಮೂರು.”