ಕಿವಿಯಕ್ಕನ ಎಡಗಡೆ

ಆಸ್ಪತ್ರೆಗೆ ಬರುವ ಮಕ್ಕಳು ಅವಳನ್ನು ಕಿವಿಯಕ್ಕ ಅನ್ನುತ್ತಾರೆ. ನಾವು ಗೆಳತಿಯರು ಅಷ್ಟೂ ಮರ್ಯಾದೆ ಕೊಡದೆ ಬರೀ ಕಿವಿ ಅನ್ನುತ್ತೇವೆ. ಜನರಿಗೆ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವುದು ಅವಳ ಕೆಲಸ. ಮದುವೆಗೆ ಮುಂಚೆ ಸೇರಿದವಳು, ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಅದೇ ಕುರ್ಚಿಯಲ್ಲಿದ್ದಳು.

ಅವಳ ಕೋಣೆ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ, ಎಕ್ಸ್‌ರೇ ವಿಭಾಗವನ್ನೂ ದಾಟಿದ ಮೇಲೆ ಸಿಗುತ್ತದೆ. ಕೋಣೆಯ ಒಳಗೆ ಇನ್ನೊಂದು ಕೋಣೆ. ಅದರ ಬಾಗಿಲು ಐಸ್ ಫ್ಯಾಕ್ಟರಿಯ ಬಾಗಿಲಿನಷ್ಟು ದಪ್ಪ, ಗೋಡೆಯ ತುಂಬ ಸ್ಪಂಜು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ನಮ್ಮ ಎಂಜಲು ನುಂಗಿದ ಸದ್ದು ನಮಗೇ ಕೇಳುತ್ತದೆ. ಒಮ್ಮೆ ತಮಾಷೆಗೆ ನಾನೂ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಯಾರೋ ಬೆನ್ನ ಹಿಂದೆ ಉಸಿರಾಡುತ್ತಿದ್ದಾರೆ ಅನಿಸಿ ಎದ್ದು ಓಡಿ ಬಂದೆ. ಅದು ನಿನ್ನ ಉಸಿರೇ ಅಂತ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ.

ಪುಟ್ಟ ಮಕ್ಕಳಿಗೆ ಅವಳದೊಂದು ಆಟವಿತ್ತು. ತಲೆಗೆ ಹೆಡ್‌ಫೋನ್ ಹಾಕಿ, ಕೆಂಪು ಬಲಕ್ಕೆ, ನೀಲಿ ಎಡಕ್ಕೆ, ಕೈಗೊಂದು ಮರದ ಗುಂಡು ಕೊಡುತ್ತಿದ್ದಳು. ಸದ್ದು ಕೇಳಿದ ಕೂಡಲೇ ಗುಂಡನ್ನು ಬಕೆಟ್ಟಿಗೆ ಹಾಕಬೇಕು. ಕೇಳಿಸದ ಮಗು ಗುಂಡು ಹಿಡಿದುಕೊಂಡು ಒಳಕೋಣೆಯ ಕಿಟಕಿ ಗಾಜಿನಾಚೆ ಇವಳ ಮುಖವನ್ನೇ ನೋಡುತ್ತಾ ಕೂತುಬಿಡುತ್ತದೆ. ಅಂಥ ದಿನ ಅವಳು ಮಗುವಿನ ತಾಯಿಗೆ ಮೊದಲು ಕುಡಿಯಲು ನೀರು ಕೊಟ್ಟು ಕೂರಿಸಿ, ಆಮೇಲೆ ವಿಷಯ ಹೇಳುತ್ತಿದ್ದಳು. ಮನೆಗೆ ಬಂದರೆ ಯಾರ ಹತ್ತಿರವೂ ಮಾತಿಲ್ಲ. ಅವಳು ಮಾತಾಡದಿದ್ದರೂ ಆ ಮನೆಯಲ್ಲಿ ಗದ್ದಲಕ್ಕೇನೂ ಬರವಿರಲಿಲ್ಲ. ಗಂಡ ಮುದ್ರಣಾಲಯದಲ್ಲಿ ಯಂತ್ರದ ಪಕ್ಕ ನಿಂತು ನಿಂತು, ಉಪ್ಪು ಕೊಡು ಅನ್ನುವುದನ್ನೂ ಬೀದಿಗೆ ಕೇಳುವಂತೆ ಅನ್ನುತ್ತಾರೆ. ಅತ್ತೆಗೆ ಕಿವಿ ಮಂದ. ಸೊಸೆಯೇ ಅಳತೆ ತೆಗೆದು ಮಾಡಿಸಿಕೊಟ್ಟ ಶ್ರವಣಯಂತ್ರವನ್ನು ಸೀರೆಗಳ ನಡುವೆ ಬಚ್ಚಿಟ್ಟು, ನನಗೇನಾಗಿದೆ ಧಾಡಿ ಅನ್ನುತ್ತಾರೆ.

ನಾನು ಕಾರು ಕಲಿಸುವವಳು. ನನ್ನ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಇದೆ. ಎದುರಿಗೆ ಲಾರಿ ಬರುವಾಗ ನಿದ್ದೆಗಣ್ಣಲ್ಲಿ ಕೂತ ಶಿಷ್ಯರಿಗೆ ನಾನು "ನಿಲ್ಸು" ಅಂದರೆ ಪಕ್ಕದ ಸೈಕಲ್ಲೂ ನಿಲ್ಲುತ್ತದೆ ಅಂತ ಗೆಳತಿಯರು ಆಡಿಕೊಳ್ಳುತ್ತಾರೆ. ನನ್ನ ಬಾಯಿ ಅಂಥದ್ದು, ನಾನೇ ಒಪ್ಪಿಕೊಳ್ಳುತ್ತೇನೆ. ಉಳಿದವರು ಇಬ್ಬರು. ಒಬ್ಬಳು ಟೀಚರಮ್ಮ, ಒಂದನೇ ಕ್ಲಾಸಿಗೆ ಪಾಠ ಹೇಳಿ ಹೇಳಿ ನಮಗೂ ಕೈ ತೊಳೆದುಕೊಂಡ್ರಾ ಅಂತ ಕೇಳುವವಳು. ಇನ್ನೊಬ್ಬಳಿಗೆ ಬೇಕರಿಯಿದೆ. ಅವಳು ಕೂತಲ್ಲೇ ಕಣ್ಣು ಮುಚ್ಚಿ ತೂಕಡಿಸುತ್ತಾಳೆ, ಬೆಳಗಾಗುವ ಮುಂಚೆ ಏಳುವವರ ಪಾಡು ಅದು. ವರ್ಷಕ್ಕೊಮ್ಮೆ ಗಂಡ, ಮಕ್ಕಳು, ಅಂಗಡಿ ಎಲ್ಲವನ್ನೂ ಅವರವರ ಹಣೆಬರಹಕ್ಕೆ ಬಿಟ್ಟು ನಾವು ನಾಲ್ವರೂ ಬೆಟ್ಟಕ್ಕೆ ಹೋಗುತ್ತೇವೆ.

ಈ ಸಲ ಹೋದದ್ದು ಎತ್ತರದ ಹುಲ್ಲುಗಾವಲಿನ ಮೇಲಿನ ಒಂಟಿ ಮನೆಗೆ. ಕಲ್ಲಿನ ಗೋಡೆ, ತಗಡಿನ ಸೂರು, ಒಂದೇ ಕೋಣೆಯಲ್ಲಿ ಸಾಲಾಗಿ ನಾಲ್ಕು ಮಂಚ. ಕಿವಿ ಹೋದವಳೇ ಎಡಗಡೆಯ ಗೋಡೆಗೆ ತಾಗಿದ ಮಂಚದ ಮೇಲೆ ಚೀಲ ಇಟ್ಟಳು. ಬಸ್ಸಿನಲ್ಲೂ ಹಾಗೇ ಎಡಗಡೆಯ ಕಿಟಕಿಗೆ ಹಠ ಹಿಡಿದಿದ್ದಳು. ವಯಸ್ಸಾಗುತ್ತಾ ಮಗುವಾಗುತ್ತಿದ್ದೀಯ ಅಂತ ನಾನು ರೇಗಿಸಿದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮನೆ ನೋಡಿಕೊಳ್ಳುವ ಮುದುಕ ಟೀ ಕೊಡುವಾಗಲೇ ಎಚ್ಚರಿಕೆ ಹೇಳಿದ. ಇಲ್ಲಿ ಮಂಜು ಹೇಳಿ ಕೇಳಿ ಬರುವುದಿಲ್ಲ. ಬಂದರೆ ತಾನು ಜಗಲಿಯಲ್ಲಿ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಬಡಿಯುತ್ತಿರುತ್ತೇನೆ, ಆ ಸದ್ದು ಹಿಡಿದುಕೊಂಡು ನಡೆದು ಬನ್ನಿ. ಹುಲ್ಲು ಮುಗಿದ ಕಡೆ ನೆಲವೂ ಮುಗಿಯಿತು ಅಂತ ತಿಳಿದುಕೊಳ್ಳಿ, ಅದರಾಚೆ ಪ್ರಪಾತ. ಬೇಕರಿಯವಳು, ನಮಗೇನು ಭಯ, ನಮ್ಮ ಜೊತೆ ಕಿವಿಯೇ ಇದ್ದಾಳಲ್ಲ ಅಂದಳು. ಎಲ್ಲರೂ ನಕ್ಕೆವು. ಕಿವಿಯೂ ನಕ್ಕಳು.

ಮಾರನೆಯ ದಿನ ಊಟದ ಹೊತ್ತಿಗೆ ಗುಡ್ಡದ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ತಿಂದೆವು. ಸಿಪ್ಪೆ ಎಸೆದದ್ದಕ್ಕೆ ಟೀಚರಮ್ಮ ಬೇಕರಿಯವಳಿಗೆ ಬಯ್ದಳು. ಬಯ್ಯುತ್ತಿದ್ದ ಟೀಚರಮ್ಮನ ಮುಖ ನೋಡನೋಡುತ್ತಲೇ ಮಸುಕಾಯಿತು. ಮಂಜು ಕೆಳಗಿನಿಂದ ಹುಲ್ಲಿನ ಮೇಲೆ ತೆವಳಿಕೊಂಡು ಬಂದಿತ್ತು. ಎದ್ದು ನಿಲ್ಲುವಷ್ಟರಲ್ಲಿ ಗೆಳತಿಯರ ಮಸುಕು ಆಕಾರ ಬಿಟ್ಟರೆ ಬೇರೇನೂ ನನಗೆ ಕಾಣುತ್ತಿರಲಿಲ್ಲ. ಹಕ್ಕಿ ಇಲ್ಲ, ಗಾಳಿ ಇಲ್ಲ. ಆ ಸ್ಪಂಜಿನ ಕೋಣೆಯ ಬಾಗಿಲು ಹಾಕಿಕೊಂಡ ಹಾಗೆ ಎಲ್ಲ ಗಪ್‌ಚುಪ್ಪಾಯಿತು. ಆಮೇಲೆ ದೂರದಲ್ಲಿ ಕಂಬಿ ಬಡಿದ ಸದ್ದು ಕೇಳಿತು. ಠಣ್.

ನೀನೇ ಮುಂದೆ ನಡಿ ಅಂತ ನಾವು ಕಿವಿಯನ್ನು ಮುಂದೆ ಬಿಟ್ಟೆವು. ಅವಳ ಚೀಲದ ಪಟ್ಟಿಯನ್ನು ಟೀಚರಮ್ಮ, ಟೀಚರಮ್ಮನದನ್ನು ಬೇಕರಿಯವಳು, ಬೇಕರಿಯವಳದನ್ನು ನಾನು ಹಿಡಿದುಕೊಂಡೆವು. ಕಿವಿ ತಲೆ ವಾಲಿಸಿ ಆಲಿಸಿ, "ಬಲಗಡೆ" ಅಂದಳು. ನಡೆದೆವು. ಮತ್ತೆ ಠಣ್ ಅಂದಿತು. ಮತ್ತೆ ಬಲಗಡೆ ಅಂದಳು. ಅದಾದ ಮೇಲೂ ಬಲಗಡೆ.

ಸದ್ದು ಎಡಕ್ಕಿದೆ ಅಂತ ನನಗೆ ಅನಿಸಿತ್ತು. ಆದರೆ ಇದು ಅವಳ ಕಸುಬು. ಊರವರ ಕಿವಿಯನ್ನೆಲ್ಲ ಅಳೆದವಳ ಎದುರು ನನ್ನ ಕಿವಿ ಯಾವ ಲೆಕ್ಕ ಅಂದುಕೊಂಡೆ. ಬೇಕರಿಯವಳು ತಡೆಯಲಾರದೆ, ಹಿಂದುಗಡೆಯಿಂದ ಬರ್ತಿದೆ ಅಲ್ವಾ ಅಂತ ಪಿಸುಗುಟ್ಟಿದಳು. ಟೀಚರಮ್ಮ, ಗೊತ್ತಿರೋರು ಹೇಳ್ತಿರುವಾಗ ಮಧ್ಯೆ ಮೂಗು ತೂರಿಸಬೇಡ ಅಂತ ಅವಳ ಬಾಯಿ ಮುಚ್ಚಿಸಿದಳು. ಸರಿಯಾಗಿ ಕೇಳುವ ಎರಡೆರಡು ಕಿವಿ ಇಟ್ಟುಕೊಂಡ ಮೂವರು ಹೆಂಗಸರು ಕುರಿಗಳ ಹಾಗೆ ಅವಳ ಹಿಂದೆ ಹೋಗುತ್ತಿದ್ದೆವು.

ಕಾಲಿನ ಹತ್ತಿರ ಹುಲ್ಲಿನಲ್ಲಿ ಏನೋ ಹೊಳೆಯಿತು. ಕಿತ್ತಳೆ ಸಿಪ್ಪೆ. ಪಕ್ಕದಲ್ಲೇ ನಾಲ್ಕು ಜನ ಕೂತೆದ್ದ ಹುಲ್ಲು ಇನ್ನೂ ಮಲಗಿಕೊಂಡೇ ಇತ್ತು. ಇಷ್ಟು ಹೊತ್ತು ನಡೆದು ಹೊರಟಲ್ಲಿಗೇ ಬಂದಿದ್ದೆವು. ಸದ್ದೇ ನಮ್ಮ ಸುತ್ತ ತಿರುಗುತ್ತಿದೆಯೋ, ನಾವೇ ಅದರ ಸುತ್ತ ತಿರುಗುತ್ತಿದ್ದೇವೋ ತಿಳಿಯದಾಯಿತು. ಕಿವಿ ಸಿಪ್ಪೆಯನ್ನು ನೋಡಿ ತಟ್ಟನೆ ಮುಖ ತಿರುಗಿಸಿಕೊಂಡು ಮೊದಲಿಗಿಂತ ಬಿರುಸಾಗಿ ನಡೆದಳು. ಇದೊಂದು ಸಲ ಅವಳು ಬಲಕ್ಕೆ ತಿರುಗಲಿಲ್ಲ, ನೇರವಾಗಿ ಹೊರಟಳು. ಕಂಬಿಯ ಸದ್ದು ಪ್ರತಿ ಬಡಿತಕ್ಕೂ ಸಣ್ಣದಾಗುತ್ತಾ ಹೋಯಿತು.

ಕಾಲ ಕೆಳಗೆ ಹುಲ್ಲು ವಿರಳವಾಗಿ ಕಲ್ಲು ಸಿಗತೊಡಗಿತು. ತಣ್ಣನೆಯ ಗಾಳಿ ಬೀಸಿತು. ಆ ಗಾಳಿ ಎದುರಿನಿಂದಲೂ ಬರಲಿಲ್ಲ, ಪಕ್ಕದಿಂದಲೂ ಬರಲಿಲ್ಲ. ಕೆಳಗಿನಿಂದ ಮೇಲಕ್ಕೆ ಎದ್ದು ಗಲ್ಲಕ್ಕೆ ತಾಗುತ್ತಿತ್ತು. ನನ್ನ ಬಲಗಾಲು ತನ್ನಷ್ಟಕ್ಕೆ ಕಲ್ಲನ್ನು ಒತ್ತುತ್ತಿತ್ತು, ಕಾರಿನಲ್ಲಿ ಬ್ರೇಕ್ ಒತ್ತುವ ಹಾಗೆ. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಜೀವಮಾನವಿಡೀ ಕಂಡಕಂಡವರ ಮೇಲೆ ಕಿರುಚಿದವಳು ನಾನು, ಆಗ ತುಟಿ ಪಿಟಕ್ಕೆನ್ನಲಿಲ್ಲ.

ಕಿವಿ ಗಕ್ಕನೆ ನಿಂತಳು. ಟೀಚರಮ್ಮ ಅವಳ ಬೆನ್ನಿಗೆ ಹೋಗಿ ಡಿಕ್ಕಿ ಹೊಡೆದಳು. ಕಿವಿ ಎಡಗೈಯನ್ನು ಎಡಗಿವಿಯ ಮೇಲಿಟ್ಟುಕೊಂಡು ಯಾರನ್ನೋ ಹುಡುಕುವವಳಂತೆ ಆ ಕಡೆಗೆ ತಿರುಗಿದಳು. ಅಲ್ಲಿ ಬಿಳಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಅಷ್ಟರಲ್ಲಿ ಗಾಳಿಗೆ ಮಂಜು ಒಂದು ಕಡೆ ಹರಿಯಿತು. ನಮ್ಮ ಕಾಲಿನಿಂದ ತುಸು ಮುಂದೆ, ತೀರಾ ಕೆಳಗೆ, ಒಂದು ಹದ್ದು ತೇಲುತ್ತಿತ್ತು. ನಾನು ನೋಡಿದ್ದು ಅದರ ಬೆನ್ನನ್ನು. ಮಂಜು ಮತ್ತೆ ಮುಚ್ಚಿಕೊಂಡಿತು.

ಕಿವಿ ಅಲ್ಲೇ ಕುಸಿದು ಕೂತಳು. ಹೇಳುವಾಗ ಅವಳ ದನಿ ಸಣ್ಣ ಹುಡುಗಿಯ ದನಿಯ ಹಾಗಿತ್ತು.

"ನನ್ನ ಎಡಗಿವಿ ಸತ್ತು ಒಂದು ವರ್ಷದ ಮೇಲಾಯ್ತು ಕಣ್ರೇ. ಒಂದೇ ಕಿವಿ ಇದ್ರೆ ಸದ್ದು ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಾಗಲ್ಲ. ನಂಗೆ ಎಲ್ಲಾ ಬಲಗಡೆಯಿಂದ್ಲೇ ಕೇಳುತ್ತೆ. ನೀವು ಹೇಳಿ, ಎಲ್ಲಿಂದ ಬರ್ತಿದೆ?"

ನಾವು ಮೂವರೂ ಕಣ್ಣು ಮುಚ್ಚಿದೆವು. ಕಂಬಿ ಠಣ್ ಅಂದಿತು. ಕಣ್ಣು ತೆರೆದಾಗ ಮೂರು ಕೈಗಳೂ ಒಂದೇ ಕಡೆ ಚಾಚಿದ್ದವು, ಬಂದ ದಾರಿಯ ಕಡೆಗೆ. ಅವಳನ್ನು ನಡುವೆ ಹಾಕಿಕೊಂಡು ಹಿಂದಿರುಗಿದೆವು. ಮನೆ ಅಷ್ಟೇನೂ ದೂರವಿರಲಿಲ್ಲ. ಮುದುಕ ತೋಳು ಬದಲಾಯಿಸಿ ಬದಲಾಯಿಸಿ ಇನ್ನೂ ಬಡಿಯುತ್ತಲೇ ಇದ್ದ.

ಒಳಗೆ ಬಂದ ಮೇಲೆ ನನ್ನ ಪಿತ್ತ ನೆತ್ತಿಗೇರಿತು. ಮುಚ್ಚಿಟ್ಟುಕೊಂಡು ನಮ್ಮನ್ನೆಲ್ಲ ಸಾಯಿಸುತ್ತಿದ್ದೆಯಲ್ಲೇ, ಸಿಪ್ಪೆ ಕಂಡಾಗಲಾದರೂ ಬಾಯಿ ಬಿಡಬಾರದಿತ್ತೇ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಟೀಚರಮ್ಮ ಮೂಲೆಯಲ್ಲಿ ಅಳುತ್ತಿದ್ದಳು. ಕಿವಿ ಒಂದೊಂದಾಗಿ ಎಲ್ಲ ಹೇಳಿದಳು. ಒಂದು ಬೆಳಿಗ್ಗೆ ಎದ್ದಾಗ ಆ ಕಡೆ ಸ್ತಬ್ಧವಾಗಿತ್ತಂತೆ. ಗುಟ್ಟಾಗಿ ಬೇರೆ ಊರಿನ ಡಾಕ್ಟರಿಗೆ ತೋರಿಸಿದಾಗ, ತಡವಾಯಿತು, ಇನ್ನು ಬರುವುದಿಲ್ಲ ಅಂದರಂತೆ. ದಿನಾ ಕೆಲಸ ಶುರುಮಾಡುವ ಮುಂಚೆ ಯಂತ್ರ ಸರಿಯಿದೆಯೇ ಅಂತ ಅವಳು ತನ್ನ ಎರಡು ಕಿವಿಯಿಂದಲೂ ಕೇಳಿ ನೋಡಬೇಕು. ಅವಳು ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು, ನೀಲಿಯನ್ನೂ ಬಲಗಿವಿಯಿಂದಲೇ ಕೇಳುತ್ತಿದ್ದಳು. ಪರೀಕ್ಷೆಯಲ್ಲಿ ಒಂದೂ ತಪ್ಪಾಗಿಲ್ಲ ಅಂತ ಮತ್ತೆ ಮತ್ತೆ ಅಂದಳು. ಕಿವಿ ನೋಡುವವಳಿಗೇ ಕಿವಿಯಿಲ್ಲ ಅಂತ ಗೊತ್ತಾದರೆ ಆ ಕುರ್ಚಿಯಲ್ಲಿ ಯಾರು ಕೂರಲು ಬಿಡುತ್ತಾರೆ? ಆ ಮಕ್ಕಳನ್ನು ಬಿಟ್ಟು ಅವಳಿಗೆ ಇನ್ನೇನು ಬರುತ್ತದೆ? ಗಂಡನಿಗೂ ಹೇಳಿರಲಿಲ್ಲ. ಅಷ್ಟು ಗಟ್ಟಿಯಾಗಿ ಕೂಗುವ ಮನೆಯಲ್ಲಿ ಅದನ್ನು ಮುಚ್ಚಿಡಲು ಅವಳಿಗೆ ಕಷ್ಟವೂ ಆಗಲಿಲ್ಲ. ಊರಿಗೆ ಹೋದ ಕೂಡಲೇ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಹೇಳಿಬಿಡುತ್ತೇನೆ ಅಂದಳು. ನನ್ನ ಕೋಪ ಇಳಿಯಲಿಲ್ಲ, ಆದರೆ ಅದರ ಜೊತೆಗೆ ಅಳುವೂ ಬಂತು.

ಬೆಳಿಗ್ಗೆ ನಲ್ಲಿಯ ಹತ್ತಿರ ಲೋಟ ತೊಳೆಯುವಾಗ ಅವಳನ್ನು ಕೇಳಿದೆ, ಏನೂ ಕಾಣದ ಕಡೆ ನೀನು ಹೇಗೆ ನಿಂತೆ ಅಂತ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ನೀನೇ ಹೇಳಿದೆಯಲ್ಲ. ಎಡಗಡೆ ಬಂದು, ಕಿವಿಗೆ ಬಾಯಿಟ್ಟು, ನಿಲ್ಸು ಅಂದೆ."

ಅವಳ ಎಡಗಿವಿ ಸತ್ತಿತ್ತು. ನಾನು ಸಾಲಿನಲ್ಲಿ ಕೊನೆಯವಳು, ಅವಳಿಗೂ ನನಗೂ ನಡುವೆ ಇಬ್ಬರಿದ್ದರು. ಆಗ ಯಾರಾದರೂ ಮಾತಾಡಿದ್ದು ಕೇಳಿತ್ತೇ ಅಂತ ಆ ಇಬ್ಬರನ್ನೂ ಕೇಳಿದೆ. ಇಲ್ಲವೇ ಇಲ್ಲ, ಒಬ್ಬರೂ ಉಸಿರೆತ್ತಲಿಲ್ಲ ಅಂದರು. ಅದು ನನಗೂ ಗೊತ್ತಿತ್ತು. ಆದರೆ ಆ ಕಲ್ಲಿನ ಮೇಲೆ ನನ್ನ ಕಾಲು ಒತ್ತುತ್ತಿದ್ದಾಗ, ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದೊಂದೇ, ನಿಲ್ಸು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಕೈಯಲ್ಲಿದ್ದ ಲೋಟವನ್ನು ಎಷ್ಟು ಹೊತ್ತು ತೊಳೆದೆನೋ.

ಊರಿಗೆ ಬಂದ ಮೇಲೆ ಅವಳು ಮಾತು ಉಳಿಸಿಕೊಂಡಳು. ಜೊತೆಗೆ ಬಾ ಅಂತ ನನ್ನನ್ನು ಕರೆದಳು. ನಾನು ದೊಡ್ಡ ಡಾಕ್ಟರ ಕೋಣೆಯ ಹೊರಗೆ ಕಾದೆ. ಅವರು ಕೂಗಾಡಲಿಲ್ಲವಂತೆ. ಅಷ್ಟು ವರ್ಷದ ಕೆಲಸವನ್ನು ಹೊಗಳಿ, ಇನ್ನು ಮೇಲೆ ಪರೀಕ್ಷೆ ಬೇಡ, ಹೆಸರು ಬರೆಸಿಕೊಳ್ಳುವ ಕೌಂಟರಿನಲ್ಲಿ ಕೂರಿ ಅಂದು ಕೋಣೆಯ ಬೀಗದಕೈ ಇಸಿದುಕೊಂಡರಂತೆ. ಅವಳು ಹೊರಗೆ ಬಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಅವಳ ಬಲಗಡೆ ಒಬ್ಬ ತಾಯಿ ಮಗುವನ್ನು ಮಲಗಿಸಿಕೊಂಡು ಕೂತಿದ್ದರಿಂದ ನಾನು ಎಡಗಡೆ ಕೂರಬೇಕಾಯಿತು.

ಸಮಾಧಾನದ ಮಾತು ನನಗೆ ಮೊದಲಿಂದಲೂ ಬರುವುದಿಲ್ಲ. ಸುಮ್ಮನೆ ಎದುರಿನ ಗೋಡೆ ನೋಡುತ್ತಾ ಕೂತೆ. ಅವಳ ಖಾಲಿ ಕೈ ಮಡಿಲಲ್ಲಿ ಬಿದ್ದಿತ್ತು. ಪಾಪ, ಇವಳ ಬದುಕೆಲ್ಲ ಆ ಕೋಣೆಯೇ ಆಗಿತ್ತು, ಪಾಪ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಪಾಪ ಅನ್ಬೇಡ ಕಣೇ," ಅಂದಳು, ನನ್ನ ಕಡೆ ತಿರುಗದೆ. "ಬೇರೆ ಏನಾದ್ರೂ ಹೇಳು. ಕೇಳಿಸ್ಕೋತೀನಿ."

ಎದ್ದು ಹೋಗಿಬಿಡೋಣ ಅನಿಸಿತು. ಹೋಗಲಿಲ್ಲ. ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಇಷ್ಟು ವರ್ಷ ಅವಳಿಗೆ ಹೇಳಲು ನಾಚಿಕೊಂಡಿದ್ದನ್ನೆಲ್ಲ ಹೇಳತೊಡಗಿದೆ. ಅವಳು ನಡುನಡುವೆ ತಲೆಯಾಡಿಸುತ್ತಿದ್ದಳು.