ದೇಯಿಯ ಕಾಯಿ ತುರಿಯುವ ಯಂತ್ರ

ನಮ್ಮ ಊರಿನ ಗಂಡಸರಿಗೆ ತೆಂಗಿನಕಾಯಿ ಅರೆದು ಹಾಕದ ಪದಾರ್ಥ ರುಚಿಸುವುದಿಲ್ಲ. ಆ ಕಾಯಿಯನ್ನು ತುರಿದವಳ ಬೆನ್ನು, ಮೊಣಕಾಲುಗಳ ಯೋಚನೆ ಅವರಿಗೆ ಉಣ್ಣುವಾಗ ಬರುವುದಿಲ್ಲ, ಉಂಡ ಮೇಲೂ ಬರುವುದಿಲ್ಲ. ಕುಲಶೇಖರದ ದೇಯಿಯ ವಿಷಯ ಬರೆಯಲು ಕುಳಿತರೆ ನನ್ನ ಕಣ್ಣೆದುರು ಮೊದಲು ಬರುವುದು ಅವಳ ಸೋದರಮಾವ ಬೂಬನ ಬೆಂಚು. ತಲೆಯ ಎಣ್ಣೆ ಹೀರಿ ಕಪ್ಪಾದ ಹಲಗೆ, ಅಂಚಿಗೆ ಒರೆಸಿದ ಸುಣ್ಣ, ಕೆಳಗೆ ತುಂಬಿದ ಪೀಕದಾನಿ. ಆಸ್ತಿ ಹೆಣ್ಣಿನ ವಂಶದಲ್ಲಿ ಇಳಿಯುವ ಅಳಿಯಸಂತಾನದ ಮನೆ, ಮಾವನೇ ಯಜಮಾನ. ಆ ಬೆಂಚಿನಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ಬಜಪೆಯಲ್ಲಿ ಗಂಡ ಚೆನ್ನಪ್ಪ ಇನ್ನೊಬ್ಬಳನ್ನು ತಂದಿಟ್ಟುಕೊಂಡಾಗ ದೇಯಿ ತಾಯಿಮನೆಗೆ ಬಂದಳು. ದಿನದ ಕಾಯಿಯನ್ನೆಲ್ಲ ತುರಿಯುವ ಕೆಲಸ ಬಂದವಳ ಪಾಲಿಗೆ ಬಿತ್ತು. ಒಮ್ಮೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ನಾಟಿವೈದ್ಯ ಕಟ್ಟಿದ ಮೇಲೆ ಅದು ಸೊಟ್ಟಗೆ ಕೂಡಿತು. ನಡೆಯಬಲ್ಲಳು, ನಿಲ್ಲಬಲ್ಲಳು. ಕಾಲು ಮಡಚಿ, ತುರಿಮಣೆಯನ್ನು ತೊಡೆಯಡಿ ಒತ್ತಿ ನೆಲದಲ್ಲಿ ಕೂರಲಾರಳು.

ಕಾಯಿ ತುರಿಯಲಾರದವಳಿಗೆ ಹಾಕುವ ಅನ್ನ ಬೂಬನ ದೃಷ್ಟಿಯಲ್ಲಿ ದಂಡ. ಇವಳನ್ನು ಬಜಪೆಗೆ ಬಿಟ್ಟುಬರುತ್ತೇನೆ, ಆ ಇನ್ನೊಬ್ಬಳ ಕೈಕೆಳಗೆ ಬಿದ್ದಿರಲಿ ಎಂದು ಪ್ರತಿ ಊಟದಲ್ಲೂ ಹೇಳತೊಡಗಿದ.

ಅವಳ ತಮ್ಮ ಬೋಜ ಹೆಂಚಿನ ಕಾರ್ಖಾನೆಯಲ್ಲಿ ಫಿಟ್ಟರ್. ಅವನು ಬಂದರಿನ ಅಂಗಡಿಯಿಂದ ಒಂದು ಯಂತ್ರ ತಂದ. ಎರಕದ ಕಬ್ಬಿಣದ್ದು, ಒಂದು ಬದಿಗೆ ಹಲ್ಲುಗಳ ಗುಂಡು, ಇನ್ನೊಂದು ಬದಿಗೆ ಹಿಡಿಕೆ, ಕೆಳಗೆ ಬಿಗಿಯುವ ತಿರುಪು. ಮೇಜಿನ ಅಂಚಿಗೆ ಬಿಗಿದರೆ ನಿಂತುಕೊಂಡೇ ತುರಿಯಬಹುದು. ಆದರೆ ಆ ಮನೆಯಲ್ಲಿ ಮೇಜೇ ಇರಲಿಲ್ಲ. ಒಲೆ, ಕಲ್ಲು, ಮಣೆ ಎಲ್ಲವೂ ನೆಲದಲ್ಲಿ. ತಿರುಪು ಕಚ್ಚುವಂಥ ಅಂಚು ಇದ್ದದ್ದು ಚಾವಡಿಯಲ್ಲಿದ್ದ ಬೂಬನ ಬೆಂಚಿಗೆ ಮಾತ್ರ.

ಬೂಬ ಪೇಟೆಗೆ ಹೋದಾಗ ಬೋಜ ಆ ಬೆಂಚನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದ. ಕಾಲುಗಳಡಿ ಕೆಂಪುಕಲ್ಲು ಇಟ್ಟು ಎತ್ತರಿಸಿ ಯಂತ್ರ ಬಿಗಿದ. ದೇಯಿ ನಿಂತು ತುರಿದಳು. ಪಾತ್ರೆ ತುಂಬುತ್ತಿದ್ದಾಗ ಬೂಬ ಮರಳಿದ. ಕಲ್ಲಿನ ಮೇಲೆ ನಿಂತ ತನ್ನ ಬೆಂಚನ್ನು ನೋಡಿದ. ಹತ್ತಿರ ಬಂದು, ಬಾಯಿ ತುಂಬ ಇದ್ದ ಎಲೆಯಡಿಕೆಯನ್ನು ಆ ತುರಿಯ ಮೇಲೆ ಉಗುಳಿದ.

“ಯಜಮಾನ ಕೂರುವ ಜಾಗಕ್ಕೆ ಕಬ್ಬಿಣ ಕಚ್ಚಿಸ್ತೀಯಾ? ನಾಳೆಯೇ ಬಜಪೆಗೆ ಹೊರಡು.”

“ತಂದದ್ದು ನಾನು ಮಾವ. ಅಕ್ಕನಿಗೆ ಎಂತಕ್ಕೆ ಹೇಳ್ತೀರಿ?” ಎಂದ ಬೋಜ.

“ನಿನಗೆ ಸಂಬಳ ಉಂಟು. ಅವಳಿಗೆ ಎಂತ ಉಂಟು?”

ಇದನ್ನು ನನಗೆ ಹೇಳಿದವನು ಬೋಜನೇ. ಆಮೇಲೆ ನಡೆದದ್ದು ಆ ಉಗುಳಿಗಿಂತ ಹೇಸಿಗೆ. ಮನೆಯ ಹೆಂಗಸರು ಕೆಂಪಾದ ಭಾಗವನ್ನು ಬಗೆದು ಎಸೆದು, ಉಳಿದ ತುರಿಯನ್ನು ಮೀನಿನ ಸಾರಿಗೆ ಅರೆದರು. ಹಾಳು ಮಾಡಬಾರದಂತೆ. ಎಲ್ಲರೂ ಉಂಡರು; ಬೂಬ ಎರಡು ಸಲ ಬಡಿಸಿಕೊಂಡ. ಬೋಜನೂ ಉಂಡ.

ದೇಯಿ ಉಣ್ಣಲಿಲ್ಲ. ಯಂತ್ರ ಬಿಚ್ಚಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ಕ್ರೈಸ್ತರ ಇಗರ್ಜಿಯ ದಾರಿಯಲ್ಲಿ ತಿಂಡಿಯ ಅಂಗಡಿ ಇಟ್ಟಿದ್ದ ಮಗ್ದಲೀನ್ ಬಾಯಿಯ ಬಳಿಗೆ ಹೋದಳು. ಅಲ್ಲಿ ಹಿಟ್ಟು ನಾದುವ ಗಟ್ಟಿ ಮೇಜಿತ್ತು. ಮಗ್ದಲೀನ್ ಬಾಯಿ ಒಂದು ಕಾಯಿ ಒಡೆದು ಕೊಟ್ಟು, ದೇಯಿ ತುರಿಯುವುದನ್ನು ನೋಡಿದಳು. ಕೆಲಸಕ್ಕೆ ಇರಬಹುದು, ಹಿಂದಿನ ಕೋಣೆಯಲ್ಲಿ ಮಲಗಬಹುದು ಎಂದಳು.

ನಾನು ಆಗ ಆ ದಾರಿಯ ಹುಡುಗಿಯರ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಬೆಳಗಿನ ತಿಂಡಿ ಅದೇ ಅಂಗಡಿಯಲ್ಲಿ. ಯಜಮಾನನ ಸೋದರಸೊಸೆ ಪರರ ಅಂಗಡಿಯಲ್ಲಿ ದುಡಿಯುತ್ತಾಳೆ ಎಂದು ಊರು ಆಡಿಕೊಳ್ಳತೊಡಗಿದಾಗ ಬೂಬ ಅಲ್ಲಿಗೆ ಬಂದ.

“ಜನ ನಗ್ತಾರೆ. ಮನೆಗೆ ಬಾ. ಬಜಪೆಯ ಮಾತು ಬಿಟ್ಟೆ,” ಎಂದ.

ದೇಯಿ ಹಿಡಿಕೆ ನಿಲ್ಲಿಸಲಿಲ್ಲ. “ಬೇಡ ಮಾವ. ಆ ದಿನದ ಸಾರು ನೆನೆಸಿದರೆ ನನಗೆ ಈಗಲೂ ವಾಂತಿ ಬರ್ತದೆ.”

ಅವನು ಉತ್ತರ ಕೊಡಲು ತಾನು ಜಗಿಯುತ್ತಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದ. ಉಗುಳುವುದಾದರೆ ರಸ್ತೆಯ ಆಚೆ ಬದಿಗೆ ಹೋಗಿ, ಇಲ್ಲಿ ಜನ ತಿನ್ನುತ್ತಿದ್ದಾರೆ ಎಂದು ಮಗ್ದಲೀನ್ ಬಾಯಿ ಹೇಳಿದಳು. ಅವನು ರಸ್ತೆ ದಾಟಿದ. ದೇಯಿ ಕಾಯಿಯ ಇನ್ನೊಂದು ಹೋಳನ್ನು ಎತ್ತಿಕೊಂಡಳು.